ಬೇಗ ಮುಗಿಸಿದ ಮಗುವಿಗೆ ಮುಂದಿನ ಕೆಲಸ ಏನು?

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಿಂದ ತಾತನೊಬ್ಬರು ಪತ್ರ ಬರೆದಿದ್ದಾರೆ. ಮೊಮ್ಮಗಳು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆಯೇ ಕೆಲಸಕ್ಕೆ ಹೋಗುವುದರಿಂದ ಅವಳ ಓದು ಬರಹ ನೋಡಿಕೊಳ್ಳುವವರು ತಾತ, ಅಜ್ಜಿ. ಪತ್ರದ ಸಾರಾಂಶ ಇಷ್ಟು: “ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವುದರೊಳಗೆ ಇವಳು ಉತ್ತರ ಬರೆದಿರುತ್ತಾಳೆ. ಆಮೇಲೆ ಕಿಟಕಿಯ ಕಡೆ ನೋಡುತ್ತಾ ಕೂರುತ್ತಾಳಂತೆ. ಹೋದ ವರ್ಷ ಶಾಲೆಗೆ ಓಡಿಹೋಗುತ್ತಿದ್ದವಳು ಈಗ ಹೊಟ್ಟೆನೋವು ಎನ್ನುತ್ತಾಳೆ. ಸಾಲ ಮಾಡಿಯಾದರೂ ಹಾಸನದ ದೊಡ್ಡ ಶಾಲೆಗೆ ಸೇರಿಸೋಣ ಅನ್ನುತ್ತಾನೆ ಮಗ. ಇಲ್ಲೇ ಬಿಟ್ಟರೆ ಮಗು ಹಾಳಾಗುತ್ತದೆಯೇ? ತಾವು ಹೇಳಿ.”

ಇದು ಒಂದು ಮನೆಯ ಪ್ರಶ್ನೆಯಲ್ಲ. ಹಾಗಾಗಿ ಈ ವಾರದ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ. ಮೊದಲ ಮಾತು, ತಾತನವರೇ: ಸಾಲದ ಕಾಗದಕ್ಕೆ ಸಹಿ ಹಾಕುವುದನ್ನು ಸ್ವಲ್ಪ ತಡೆಯಿರಿ. ಕಾರಣ ಮುಂದೆ ಹೇಳುತ್ತೇನೆ.

ಮೂರರಿಂದ ನಾಲ್ಕಕ್ಕೆ ಬಂದಾಗ ಏನಾಯಿತು?

ಹೋದ ವರ್ಷ ಖುಷಿಯಾಗಿದ್ದ ಮಗು ಈ ವರ್ಷ ಮಂಕಾದದ್ದಕ್ಕೆ ಶಾಲೆಯ ಒಳಗೇ ಒಂದು ಕಾರಣ ಇರಬಹುದು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯವರೆಗೆ ‘ನಲಿ-ಕಲಿ’ ಪದ್ಧತಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ ಇದು. ಅದರಲ್ಲಿ ಒಂದರ, ಎರಡರ, ಮೂರರ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಕಲಿಕೆಯ ಏಣಿಯ ಮೇಲೆ ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಒಂದು ಮೈಲಿಗಲ್ಲು ಮುಗಿಸಿದ ಮಗು ಮುಂದಿನ ಕಾರ್ಡ್ ತೆಗೆದುಕೊಳ್ಳುತ್ತದೆ. ಯಾರಿಗೂ ಯಾರೂ ಕಾಯಬೇಕಾಗಿಲ್ಲ.

ನಾಲ್ಕನೇ ತರಗತಿಗೆ ಬಂದ ಕೂಡಲೇ ಏಣಿ ಹೋಗಿ ಬೆಂಚು ಬರುತ್ತದೆ. ಎಲ್ಲರಿಗೂ ಒಂದೇ ಪುಟ, ಒಂದೇ ಲೆಕ್ಕ. ಮೂರು ವರ್ಷ ತನ್ನ ವೇಗದಲ್ಲಿ ನಡೆದ ಮಗು ಮೊದಲ ಸಲ ಕಾಯುವುದನ್ನು ಕಲಿಯಬೇಕಾಗುತ್ತದೆ. ಚುರುಕಾದ ಮಗುವಿಗೆ ದಿನಕ್ಕೆ ಎರಡು ಮೂರು ಗಂಟೆ ಸುಮ್ಮನೆ ಕೂರುವುದು ಸಣ್ಣ ಕಷ್ಟವಲ್ಲ. ಕೆಲವು ಮಕ್ಕಳು ಗಲಾಟೆ ಮಾಡುತ್ತಾರೆ, ಕೆಲವರು ಕಿಟಕಿ ನೋಡುತ್ತಾರೆ. ಹೊಟ್ಟೆನೋವು ದಿನಾ ಇದ್ದರೆ ವೈದ್ಯರಿಗೆ ತೋರಿಸಿ. ಭಾನುವಾರ ಬಾರದ ನೋವು ಸೋಮವಾರ ಮಾತ್ರ ಬರುತ್ತಿದ್ದರೆ ಶಿಕ್ಷಕರನ್ನೂ ಕಾಣಿ.

ಅಂಕವೊಂದೇ ಗುರುತಲ್ಲ

ಇಂಗ್ಲಿಷಿನಲ್ಲಿ ‘ಗಿಫ್ಟೆಡ್’ ಎನ್ನುವ ಮಕ್ಕಳನ್ನು ನಮ್ಮ ಹಳ್ಳಿಗಳಲ್ಲಿ ‘ಚೂಟಿ’, ‘ಚುರುಕು’ ಎನ್ನುತ್ತೇವೆ. ಇಂಥ ಮಕ್ಕಳೆಲ್ಲ ಮೊದಲ ಸ್ಥಾನದಲ್ಲೇ ಇರುತ್ತಾರೆ ಎಂದೇನಿಲ್ಲ. ಹೇಳಿಕೊಟ್ಟ ದಾರಿ ಬಿಟ್ಟು ತನ್ನದೇ ದಾರಿಯಲ್ಲಿ ಲೆಕ್ಕ ಮಾಡುವುದು, ‘ಯಾಕೆ’ ಎಂಬ ಪ್ರಶ್ನೆಯನ್ನು ಮೂರನೆಯ ಸಲವೂ ಬಿಡದಿರುವುದು, ಎಂದೋ ಕೇಳಿದ್ದನ್ನು ಇಂದು ಕಂಡದ್ದಕ್ಕೆ ಜೋಡಿಸುವುದು, ಇಷ್ಟವಾದ ಕೆಲಸದಲ್ಲಿ ಊಟ ಮರೆಯುವುದು – ಇವು ಗುರುತುಗಳು. ಇವು ಪರೀಕ್ಷೆಯ ಹಾಳೆಗಿಂತ ಜಗಲಿಯ ಮೇಲೆ ಹೆಚ್ಚು ಕಾಣುತ್ತವೆ. ಅಂದರೆ ಅಜ್ಜ ಅಜ್ಜಿಯರಿಗೇ ಮೊದಲು ಕಾಣುತ್ತವೆ.

ಪ್ರತಿಭೆ ಎಲ್ಲ ವಿಷಯದಲ್ಲೂ ಸಮನಾಗಿಯೂ ಇರುವುದಿಲ್ಲ. ಗಣಿತದ ಶ್ರೀನಿವಾಸ ರಾಮಾನುಜನ್ ಅವರನ್ನೇ ನೋಡಿ. ಕುಂಭಕೋಣದ ಸರ್ಕಾರಿ ಕಾಲೇಜಿಗೆ ವಿದ್ಯಾರ್ಥಿವೇತನ ಪಡೆದು ಸೇರಿದರು. ಗಣಿತದಲ್ಲೇ ಮುಳುಗಿ ಉಳಿದ ವಿಷಯಗಳನ್ನು ಬಿಟ್ಟದ್ದರಿಂದ ಪರೀಕ್ಷೆಯಲ್ಲಿ ಸೋತರು, ಆ ವಿದ್ಯಾರ್ಥಿವೇತನವೂ ಹೋಯಿತು. ಆದ್ದರಿಂದ ಮಗು ಲೆಕ್ಕದಲ್ಲಿ ಮುಂದಿದ್ದು ಕನ್ನಡ ಬರಹದಲ್ಲಿ ಹಿಂದಿದ್ದರೆ “ಇವಳೇನು ಜಾಣೆ?” ಎನ್ನಬೇಡಿ. ಮುಂದಿರುವ ಕಡೆ ಇನ್ನಷ್ಟು ಕೊಡಿ, ಹಿಂದಿರುವ ಕಡೆ ಕೈ ಹಿಡಿಯಿರಿ. ಎರಡೂ ಬೇಕು.

ಸಾಲಕ್ಕೆ ಮೊದಲು ಈ ನಿಯಮ ಓದಿ

ಹಿಂದೆ ಚೂಟಿ ಮಕ್ಕಳಿಗೆ ‘ಡಬಲ್ ಪ್ರಮೋಷನ್’ ಕೊಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಈಗ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ವಯಸ್ಸಿಗೆ ತಕ್ಕ ತರಗತಿ. ಊರಿನ ಸರ್ಕಾರಿ ಶಾಲೆಯಲ್ಲಿ ಚುರುಕು ಮಕ್ಕಳಿಗೆಂದೇ ಬೇರೆ ತರಗತಿ ಇಲ್ಲ. ಆದರೆ ಸರ್ಕಾರಿ ವ್ಯವಸ್ಥೆಯಲ್ಲಿ ಇಂಥ ಮಕ್ಕಳಿಗೆ ಬಾಗಿಲುಗಳೇ ಇಲ್ಲವೆಂದಲ್ಲ. ಒಂದೊಂದು ಬಾಗಿಲು ಒಂದೊಂದು ತರಗತಿಯಲ್ಲಿ ಮಾತ್ರ ತೆರೆಯುತ್ತದೆ. ಅದು ತೆರೆದಾಗ ಗೊತ್ತಿರಬೇಕು, ಅಷ್ಟೇ.

ದೊಡ್ಡ ಬಾಗಿಲು ಜವಾಹರ್ ನವೋದಯ ವಿದ್ಯಾಲಯ. ಹಳ್ಳಿಯ ಪ್ರತಿಭಾವಂತ ಮಕ್ಕಳಿಗೆ ಒಳ್ಳೆಯ ವಸತಿ ಶಾಲೆ ಸಿಗಬೇಕು ಎಂಬ ಉದ್ದೇಶದಿಂದಲೇ 1986ರ ರಾಷ್ಟ್ರೀಯ ಶಿಕ್ಷಣ ನೀತಿಯಡಿ ಹುಟ್ಟಿದ ಶಾಲೆಗಳಿವು. ಹಾಸನ ಜಿಲ್ಲೆಯ ನವೋದಯ ಮಾವಿನಕೆರೆಯಲ್ಲಿದೆ. ಆರನೇ ತರಗತಿಗೆ 80 ಮಕ್ಕಳವರೆಗೆ ಸೇರಿಸಿಕೊಳ್ಳುತ್ತಾರೆ. ಊಟ, ವಸತಿ, ಸಮವಸ್ತ್ರ, ಪುಸ್ತಕ ಉಚಿತ. ಒಂಬತ್ತನೇ ತರಗತಿಯಿಂದ ಕೆಲವರಿಗೆ ಸಣ್ಣ ಶುಲ್ಕ ಇದೆ, ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಪ್ರವೇಶ ಪರೀಕ್ಷೆಯನ್ನು ಐದನೇ ತರಗತಿ ಓದುವಾಗ, ಒಂದೇ ಒಂದು ಸಲ ಬರೆಯಬಹುದು. ಕನ್ನಡದಲ್ಲೇ ಬರೆಯಬಹುದು.

ಈಗ ನಿಮ್ಮ ಮಗ ತಿಳಿಯಬೇಕಾದ ನಿಯಮ. ನವೋದಯದ ಸೀಟುಗಳಲ್ಲಿ ಕನಿಷ್ಠ ಶೇಕಡ 75 ಗ್ರಾಮೀಣ ಮಕ್ಕಳಿಗೆ. ಆ ಪಾಲಿಗೆ ಸೇರಬೇಕಾದರೆ ಮಗು ಮೂರು, ನಾಲ್ಕು, ಐದನೇ ತರಗತಿಗಳನ್ನು ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಪೂರ್ತಿ ಓದಿರಬೇಕು. ನಿಮ್ಮ ಮೊಮ್ಮಗಳು ಮೂರನ್ನು ಮುಗಿಸಿದ್ದಾಳೆ, ನಾಲ್ಕರಲ್ಲಿದ್ದಾಳೆ. ಈಗ ಹಾಸನ ನಗರದ ಶಾಲೆಗೆ ಸೇರಿಸಿದರೆ, ಇವಳಂಥವರಿಗೆಂದೇ ಇಟ್ಟಿರುವ ದೊಡ್ಡ ಪಾಲು ಇವಳ ಕೈ ತಪ್ಪುತ್ತದೆ. ಸಾಲ ಮಾಡಿ ಬಾಗಿಲು ತೆರೆಯಲು ಹೊರಟು, ತೆರೆದಿರುವ ಬಾಗಿಲನ್ನೇ ಮುಚ್ಚಿಕೊಂಡಂತಾಗುತ್ತದೆ. ಸಾಲಕ್ಕೆ ತಡೆಯಿರಿ ಎಂದದ್ದು ಇದಕ್ಕೇ.

ಖಾಸಗಿ ಶಾಲೆಗಳು ಕೆಟ್ಟವು ಎಂದು ಹೇಳುತ್ತಿಲ್ಲ. ಆದರೆ ಅಲ್ಲಿಯೂ ಎಲ್ಲರಿಗೂ ಒಂದೇ ಪುಟ, ಒಂದೇ ಲೆಕ್ಕವಾದರೆ ಕಿಟಕಿ ಬದಲಾಗುತ್ತದೆ, ಕಿಟಕಿ ನೋಡುವ ಮಗು ಬದಲಾಗುವುದಿಲ್ಲ.

ಯಾವ ತರಗತಿಯಲ್ಲಿ ಯಾವ ಬಾಗಿಲು?

ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ.

ಐದನೇ ತರಗತಿ: ನವೋದಯ ಪರೀಕ್ಷೆ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧದಷ್ಟು ಅಂಕ ಚಿತ್ರಗಳನ್ನು ನೋಡಿ ಯೋಚಿಸುವ ಮಾನಸಿಕ ಸಾಮರ್ಥ್ಯಕ್ಕೆ, ಉಳಿದದ್ದು ಲೆಕ್ಕಕ್ಕೆ ಮತ್ತು ಭಾಷೆಗೆ. ಅರ್ಜಿಗೆ ಹಣವಿಲ್ಲ. ಶಾಲೆ ಶುರುವಾದ ತಿಂಗಳಿಂದಲೇ ವಿಚಾರಿಸುತ್ತಿರಿ. ಇದೇ ತರಗತಿಯಲ್ಲಿರುವಾಗ ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ, ಆದರ್ಶ ವಿದ್ಯಾಲಯಗಳಿಗೂ ಪ್ರವೇಶ ಪರೀಕ್ಷೆ ಇರುತ್ತದೆ. ಇವು ರಾಜ್ಯ ಸರ್ಕಾರದ ಶಾಲೆಗಳು. ಆದರ್ಶ ವಿದ್ಯಾಲಯಕ್ಕೆ ಮನೆಯಿಂದಲೇ ಹೋಗಿಬರಬೇಕು.

ಆರನೇ ತರಗತಿಯಿಂದ: ಇನ್‌ಸ್ಪೈರ್ ಅವಾರ್ಡ್. ಮಗುವಿಗೆ ಹೊಳೆದ ಹೊಸ ಉಪಾಯವೊಂದನ್ನು ಶಾಲೆಯ ಮೂಲಕ ಕಳುಹಿಸಬೇಕು. ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಮಗುವಿನ ಖಾತೆಗೆ ಬರುತ್ತದೆ. ಕಾಯಿ ಸುಲಿಯುವ ಕಷ್ಟ, ನೀರು ಹೊರುವ ಕಷ್ಟ ನೋಡುತ್ತಾ ಬೆಳೆದ ಹಳ್ಳಿಯ ಮಕ್ಕಳಿಗೆ ಉಪಾಯಗಳಿಗೇನೂ ಬರವಿಲ್ಲ.

ಎಂಟನೇ ತರಗತಿ: ಎನ್‌ಎಂಎಂಎಸ್ ಪರೀಕ್ಷೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು, ಏಳನೇ ತರಗತಿಯಲ್ಲಿ ಶೇಕಡ 55 ಅಂಕ ಬಂದಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡ 50 ಸಾಕು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000, ಒಟ್ಟು ನಾಲ್ಕು ವರ್ಷಕ್ಕೆ 48,000 ರೂಪಾಯಿ. ಖಾಸಗಿ ಶಾಲೆಗೆ ಹೋದ ಮಗುವಿಗೆ ಇದು ಇಲ್ಲ.

ಇವೆಲ್ಲದರ ನಡುವೆ ಪ್ರತಿ ವರ್ಷದ ಪ್ರತಿಭಾ ಕಾರಂಜಿ ಇದ್ದೇ ಇದೆ. ಕಥೆ ಹೇಳುವುದು, ಕಂಠಪಾಠ, ಚಿತ್ರ, ಹಾಡು – ಲೆಕ್ಕ ಬಾರದ ಚೂಟಿ ಮಗುವಿಗೂ ಅಲ್ಲಿ ಜಾಗ ಇದೆ. ನಿಯಮ, ದಿನಾಂಕಗಳು ವರ್ಷಕ್ಕೊಮ್ಮೆ ಬದಲಾಗಬಹುದು. ಆ ವರ್ಷದ ಸುತ್ತೋಲೆಯನ್ನು ಮುಖ್ಯ ಶಿಕ್ಷಕರ ಬಳಿ ಕೇಳಿ ಓದಿಸಿಕೊಳ್ಳಿ.

ಸೋಮವಾರ ಶಾಲೆಗೆ ಹೋಗಿ, ಹೀಗೆ ಕೇಳಿ

ಐದನೇ ತರಗತಿಗೆ ಇನ್ನೂ ಸಮಯ ಇದೆ. ಈಗ ಕಿಟಕಿ ನೋಡುತ್ತಿರುವ ಮಗುವಿಗೆ ಏನು? ಅದಕ್ಕೆ ಶಿಕ್ಷಕರ ಜೊತೆ ಮಾತಾಡಬೇಕು. ಇಬ್ಬರೇ ಶಿಕ್ಷಕರು ಐದು ತರಗತಿ ನೋಡಿಕೊಳ್ಳುವ ಶಾಲೆಗಳೂ ಇವೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿ. ಪಾಠದ ಮಧ್ಯೆ ಹೋಗಬೇಡಿ, ಶಾಲೆ ಬಿಟ್ಟ ಮೇಲೆ ಹೋಗಿ. “ನಮ್ಮ ಹುಡುಗಿ ಬಹಳ ಜಾಣೆ, ನಿಮ್ಮ ಪಾಠ ಸಾಲದು” ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. “ಮೇಡಂ, ಮನೆಯಲ್ಲಿ ಹೀಗೆ ಲೆಕ್ಕ ಮಾಡಿದಳು, ನೋಡಿ. ಬೇಗ ಮುಗಿಸಿದ ದಿನ ಅವಳಿಗೆ ಏನು ಕೆಲಸ ಕೊಡಬಹುದು?” ಎಂದು ಅವಳ ನೋಟ್‌ಬುಕ್ ಮುಂದಿಡಿ. ಹೊಗಳಿಕೆ ಕೇಳಬೇಡಿ, ಕೆಲಸ ಕೇಳಿ.

ಕೆಲಸ ಎಂದರೆ ಅದೇ ಲೆಕ್ಕ ಇನ್ನೂ ಇಪ್ಪತ್ತು ಅಲ್ಲ. ಬೇಗ ಮುಗಿಸಿದ್ದಕ್ಕೆ ಅದು ಶಿಕ್ಷೆಯಾಗುತ್ತದೆ. ನಿಧಾನವಾಗಿ ಮಾಡುವುದೇ ಲಾಭ ಎಂದು ಮಗು ಬೇಗ ಕಲಿತುಬಿಡುತ್ತದೆ. ಸದಾ ಬೇರೆ ಮಕ್ಕಳ ಪುಸ್ತಕ ತಿದ್ದಲು ಕೂರಿಸುವುದೂ ಸರಿಯಲ್ಲ. ಗೆಳೆಯರಿಗೆ ಹೇಳಿಕೊಡುವುದು ಒಳ್ಳೆಯದೇ, ವಾರಕ್ಕೆ ಒಂದೆರಡು ಸಲ. ಅವಳಿಗೂ ಅವಳ ಪಾಠ ಬೇಕು.

ಉಳಿದವರು “ಒಂದು ಕಾಯಿಗೆ 20 ರೂಪಾಯಿಯಾದರೆ 15 ಕಾಯಿಗೆ ಎಷ್ಟು?” ಎಂದು ಮಾಡುತ್ತಿರುವಾಗ ಅವಳಿಗೆ ಅದೇ ತೆಂಗಿನಕಾಯಿಯ ಇನ್ನೊಂದು ಲೆಕ್ಕ ಕೊಡಬಹುದು. ಅರಸೀಕೆರೆಯ ಮಂಡಿಯಲ್ಲಿ ಕಾಯಿಯನ್ನು ಗೋಪುರದಂತೆ ಜೋಡಿಸಿದ್ದಾರೆ ಎಂದುಕೊಳ್ಳಿ. ತುದಿಯಲ್ಲಿ 1, ಅದರ ಕೆಳಗಿನ ಪದರದಲ್ಲಿ 4, ಅದರ ಕೆಳಗೆ 9, ಅದರ ಕೆಳಗೆ 16. ನಾಲ್ಕು ಪದರಕ್ಕೆ ಒಟ್ಟು 30 ಕಾಯಿ. ಹತ್ತು ಪದರಕ್ಕೆ ಎಷ್ಟು? 200 ಕಾಯಿ ಇದ್ದರೆ ಎಷ್ಟು ಪೂರ್ತಿ ಪದರ ಆಗುತ್ತದೆ, ಎಷ್ಟು ಕಾಯಿ ಉಳಿಯುತ್ತದೆ? ಇದಕ್ಕೆ ಶಿಕ್ಷಕರ ಐದು ನಿಮಿಷ ಸಾಕು, ಮಗುವಿಗೆ ಒಂದು ವಾರದ ಕೆಲಸ.

ಐದನೇ ತರಗತಿಯ ಹಳೆಯ ಪುಸ್ತಕ ಕೇಳಿ ಪಡೆಯಿರಿ. ಶಾಲೆಯ ಗ್ರಂಥಾಲಯದ ಬೀರುವಿಗೆ ಬೀಗ ಇದ್ದರೆ ವಾರಕ್ಕೊಂದು ದಿನ ತೆರೆಯಲು ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ. ಅದು ಪೋಷಕರದೇ ಸಮಿತಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಸದಸ್ಯತ್ವ ಉಚಿತ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆಯೂ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವಿಶೇಷ ಆಸಕ್ತಿಯ ಮಕ್ಕಳಿಗೆ ಹೆಚ್ಚಿನ ಓದಿನ ಸಾಮಗ್ರಿ ಕೊಡಬೇಕು, ಶಾಲೆಗಳಲ್ಲಿ ಗಣಿತ, ವಿಜ್ಞಾನ, ಸಂಗೀತ, ಚದುರಂಗದಂಥ ಕೂಟಗಳು ಇರಬೇಕು ಎನ್ನುತ್ತದೆ. ಶನಿವಾರ ಒಂದು ಗಂಟೆ ನಾಲ್ಕು ಮಕ್ಕಳು ಕೂತರೆ ಅದೇ ಕೂಟ. ಅಳಿಗುಳಿಮಣೆ, ಚೌಕಾಬಾರ ಹೇಳಿಕೊಡಲು ಊರಿನ ತಾತ ಅಜ್ಜಿಯರಿಗಿಂತ ಗುರುಗಳು ಬೇಕೆ? ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಪಾಠ ಇರುವವರು ಇನ್ನೂ ನಿಮ್ಮ ಬೀದಿಯಲ್ಲಿ ಇದ್ದಾರೆ.

ಗಂಧ ಬಳಿದು ನೋಡಿ

ಬೇಲೂರಿನ ಕಪ್ಪೆ ಚೆನ್ನಿಗರಾಯನ ಐತಿಹ್ಯ ನಿಮ್ಮ ಸೀಮೆಯ ಮಕ್ಕಳಿಗೆಲ್ಲ ಗೊತ್ತು. ಜಕಣಾಚಾರಿ ಕಡೆದ ವಿಗ್ರಹದಲ್ಲಿ ದೋಷವಿದೆ ಎಂದ ಹುಡುಗ ಡಂಕಣ. ವಿಗ್ರಹಕ್ಕೆ ಗಂಧ ಬಳಿದರು. ಎಲ್ಲ ಕಡೆ ಒಣಗಿತು, ಹೊಕ್ಕುಳ ಬಳಿ ಒಣಗಲಿಲ್ಲ. ಅಲ್ಲಿ ಉಳಿ ಇಟ್ಟರೆ ನೀರೂ ಕಪ್ಪೆಯೂ ಹೊರಬಂದವು. ಶಿಲ್ಪಿ ಕೈ ಕತ್ತರಿಸಿಕೊಂಡದ್ದು, ಆಮೇಲೆ ತುಮಕೂರಿನ ಬಳಿಯ ಕೈದಾಳದಲ್ಲಿ ಅದು ಮತ್ತೆ ಬಂದದ್ದು, ಆ ಹುಡುಗ ಅವನ ಮಗನೇ ಎಂದು ತಿಳಿದದ್ದು – ಇದನ್ನೆಲ್ಲ ನಾವು ನೆನಪಿಡುತ್ತೇವೆ. ಇದು ಇತಿಹಾಸವಲ್ಲ, ಕಥೆ. ಆದರೆ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ ಆ ಗಂಧ ಬಳಿದದ್ದು. “ಸುಮ್ಮನಿರೋ ಹುಡುಗ” ಎಂದು ಗದರಿಸಿ ಕಳಿಸಲಿಲ್ಲ, “ಆಹಾ, ನೀನೇ ಬುದ್ಧಿವಂತ” ಎಂದು ಹೆಗಲ ಮೇಲೂ ಕೂರಿಸಲಿಲ್ಲ. ಹೇಳಿದ್ದು ನಿಜವೇ ಎಂದು ಪರೀಕ್ಷಿಸಿ ನೋಡಿದರು. ಚುರುಕು ಮಗುವಿಗೆ ಮನೆಯಲ್ಲಿ ಬೇಕಾದ್ದು ಇದೇ.

ಬಸ್ತಿಹಳ್ಳಿಯಲ್ಲಿ ಇದಕ್ಕೆ ದೂರ ಹೋಗಬೇಕಿಲ್ಲ. 1133ರಲ್ಲಿ ಬೊಪ್ಪದೇವ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ನವರಂಗದ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಮೊಮ್ಮಗಳನ್ನು ಕರೆದುಕೊಂಡು ಹೋಗಿ. ಕಂಬದಲ್ಲಿ ಕಾಣುವ ಮುಖ ಯಾಕೆ ಹಿಗ್ಗುತ್ತದೆ, ಕುಗ್ಗುತ್ತದೆ? ಮನೆಗೆ ಬಂದು ಸ್ಟೀಲ್ ಚಮಚದ ಒಳಬದಿ, ಹೊರಬದಿಯಲ್ಲಿ ಮುಖ ನೋಡಲಿ. ಒಂದರಲ್ಲಿ ತಲೆಕೆಳಗು, ಒಂದರಲ್ಲಿ ನೇರ. ಯಾಕೆ? ಉತ್ತರ ನಿಮಗೆ ಗೊತ್ತಿಲ್ಲದಿದ್ದರೆ “ನನಗೂ ಗೊತ್ತಿಲ್ಲ, ಮೇಡಂ ಹತ್ತಿರ ಕೇಳಿಕೊಂಡು ಬಂದು ನನಗೂ ಹೇಳು” ಎನ್ನಿ. ತಾತನಿಗೆ ಪಾಠ ಹೇಳುವ ಅವಕಾಶ ಸಿಕ್ಕಿದ ಮಗು ಸೋಮವಾರ ಹೊಟ್ಟೆನೋವು ಎನ್ನುವುದು ಕಡಿಮೆ.

ಪರೀಕ್ಷೆ ಕೈಕೊಟ್ಟರೆ?

ಇದನ್ನು ಈಗಲೇ ಮನೆಯವರೆಲ್ಲ ಕೂತು ಮಾತಾಡಿ. ಜಿಲ್ಲೆಗೆಲ್ಲ 80 ಸೀಟು ಎಂದರೆ ಸಿಗುವವರಿಗಿಂತ ಸಿಗದ ಚುರುಕು ಮಕ್ಕಳೇ ಹೆಚ್ಚು. ಎರಡು ಗಂಟೆಯ ಒಂದು ಪರೀಕ್ಷೆ ಹತ್ತು ವರ್ಷದ ಮಗುವಿನ ತೀರ್ಪಲ್ಲ. ಒಂದು ವರ್ಷ ಆಟ ಬಿಡಿಸಿ, ಕೋಚಿಂಗಿಗೆ ಕೂರಿಸಿ, ಸೀಟು ಸಿಗದಿದ್ದಾಗ ಮನೆಯಲ್ಲಿ ಸೂತಕದ ಮುಖ ಮಾಡಿದರೆ ಮಗು ಕಲಿಯುವುದು ಒಂದೇ: ನಾನು ಸಾಲದು. ಬರೆಯುವ ಮೊದಲೇ ಹೇಳಿಬಿಡಿ, “ಸಿಕ್ಕರೆ ಮಾವಿನಕೆರೆ, ಸಿಗದಿದ್ದರೆ ನಮ್ಮ ಶಾಲೆ. ಎರಡೂ ಕಡೆ ನೀನು ನಮ್ಮ ಹುಡುಗಿಯೇ.” ಸಿಕ್ಕರೂ ಅಷ್ಟೇ. ಹತ್ತು ವರ್ಷದ ಮಗು ಮನೆ ಬಿಟ್ಟಿರಬೇಕು. ಹೋಗಲು ಮನಸ್ಸಿದೆಯೇ ಎಂದು ಅವಳನ್ನೂ ಕೇಳಿ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಮನೆಯಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದು ಶುರುಮಾಡಿದ್ದು ಊರಿನ ಶಾಲೆಯಲ್ಲೇ. ಮುಂದೆ ಓದಲು ಬೆಂಗಳೂರಿಗೆ ನಡೆದೇ ಬಂದು ನ್ಯಾಷನಲ್ ಹೈಸ್ಕೂಲ್ ಸೇರಿದರು. ಭೌತವಿಜ್ಞಾನಿಯಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಹಳ್ಳಿಯ ಶಾಲೆ ಅವರನ್ನು ಹಾಳು ಮಾಡಲಿಲ್ಲ. ಮುಂದಿನ ದಾರಿ ಯಾವುದೆಂದು ಗೊತ್ತಿರಬೇಕಿತ್ತು, ಗೊತ್ತಾದಾಗ ನಡೆದರು. ಇಂದು ದಾರಿ ನಡೆದೇ ಹೋಗುವಷ್ಟು ಕಷ್ಟವಲ್ಲ. ಕೇಳಿ ತಿಳಿದುಕೊಳ್ಳುವ ಹಿರಿಯರೊಬ್ಬರು ಮನೆಯಲ್ಲಿರಬೇಕು. ಪತ್ರ ಬರೆದ ನೀವು ಆ ಕೆಲಸ ಆಗಲೇ ಶುರುಮಾಡಿದ್ದೀರಿ.

ಮಕ್ಕಳೇ, ನಿಮಗೆ ಎರಡು ಮಾತು

ಲೆಕ್ಕ ಬೇಗ ಬಂದರೆ ಅದು ಸಂತೋಷ, ಹೆಚ್ಚುಗಾರಿಕೆಯಲ್ಲ. ಪಕ್ಕದ ಗೆಳತಿಗೆ ಹಾಡು ಬೇಗ ಬರುತ್ತದೆ, ಗೆಳೆಯನಿಗೆ ಮರ ಹತ್ತುವುದು ಬೇಗ ಬರುತ್ತದೆ. ಕೆಲಸ ಮುಗಿದರೆ ಸುಮ್ಮನೆ ಕೂರಬೇಡಿ. “ಮೇಡಂ, ಮುಗಿಯಿತು, ಇದಕ್ಕಿಂತ ಕಷ್ಟದ್ದು ಒಂದು ಕೊಡಿ” ಎಂದು ಕೇಳಿ. ಕೇಳುವುದು ತಪ್ಪಲ್ಲ. ಕಷ್ಟದ್ದು ಸಿಕ್ಕಾಗ ತಪ್ಪು ಉತ್ತರ ಬಂದರೆ ಅಳಬೇಡಿ. ಸುಲಭದ ಲೆಕ್ಕ ಮಾತ್ರ ಮಾಡಿದವರಿಗೆ ತಪ್ಪು ಬರುವುದಿಲ್ಲ, ಹೊಸದೂ ಬರುವುದಿಲ್ಲ.

ಈಗ ಹುಣಸೆಬೀಜ ತೆಗೆದುಕೊಂಡು ಕೂತುಕೊಳ್ಳಿ. ಮೇಲೆ ಹೇಳಿದ ತೆಂಗಿನಕಾಯಿ ರಾಶಿಯ ಎರಡೂ ಪ್ರಶ್ನೆಗೆ ಉತ್ತರ ಹುಡುಕಿ, ತಾತ ಅಜ್ಜಿಗೆ ಹೇಗೆ ಮಾಡಿದಿರೆಂದು ವಿವರಿಸಿ. ಅವರು ಒಪ್ಪಿದ ಮೇಲೆ ಅಂಚೆ ಕಾರ್ಡಿನಲ್ಲಿ ಬರೆದು ಕಳಿಸಿ. ಉತ್ತರ ಮುಂದಿನ ವಾರ.